ಗಿಳಿ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತಿದೆ, ಏನು ಮಾಡಲಿ?

ಈ ತಿಂಗಳು ಬಂದ ಪತ್ರಗಳಲ್ಲಿ ಗಿಳಿಗಳದ್ದೇ ಜಾಸ್ತಿ. ಅದರಲ್ಲೂ ಪುಕ್ಕ ಕಿತ್ತುಕೊಳ್ಳುವ ಗಿಳಿಗಳದ್ದು. ದಾವಣಗೆರೆಯಿಂದ ಬಂದ ಪತ್ರದಲ್ಲಿ ಬೇರೆಯವರು ಕೇಳಿದ್ದೂ ಬಹುಪಾಲು ಸೇರಿಕೊಂಡಿದೆ. ಹಾಗಾಗಿ ಅದಕ್ಕೆ ಉದ್ದವಾಗಿ ಬರೆದಿದ್ದೇನೆ, ಉಳಿದವಕ್ಕೆ ಚಿಕ್ಕದಾಗಿ.

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಮನೇಲಿ ಆರು ವರ್ಷದ ಆಫ್ರಿಕನ್ ಗ್ರೇ ಗಿಳಿ ಇದೆ. ಹೆಸರು ಚಿನ್ನು. ಮಗಳು ಹೈಸ್ಕೂಲಲ್ಲಿದ್ದಾಗ ಹಠ ಮಾಡಿ ತರಿಸಿಕೊಂಡಿದ್ದು. ಅವಳ ಹೆಗಲ ಮೇಲೇ ಬೆಳೆಯಿತು. ಜೂನ್‌ನಲ್ಲಿ ಅವಳು ಓದಲಿಕ್ಕೆ ಮಣಿಪಾಲಕ್ಕೆ ಹೋದಳು. ಆಗಸ್ಟ್ ಹೊತ್ತಿಗೆ ಚಿನ್ನುವಿನ ಎದೆ ಮೇಲೆ ಪುಕ್ಕ ಕಮ್ಮಿಯಾದ ಹಾಗೆ ಕಾಣಿಸಿತು. ಈಗ ಎದೆ, ಹೊಟ್ಟೆ, ರೆಕ್ಕೆ ಕೆಳಗೆ ಎಲ್ಲ ಬೋಳು. ತಲೆ ಮಾತ್ರ ಮೊದಲಿನ ಹಾಗೇ ಚೆನ್ನಾಗಿದೆ. ಬೆಳಗ್ಗೆ ಪಂಜರದ ಕೆಳಗೆ ಗುಡಿಸಿದರೆ ಒಂದು ಹಿಡಿ ಪುಕ್ಕ ಸಿಗುತ್ತದೆ. ಅದು ಕೀಳುವುದು ಕಂಡರೆ ನಾನು "ಬ್ಯಾಡ ಚಿನ್ನು, ಬ್ಯಾಡ" ಅಂತ ಕೂಗಿಕೊಂಡು ಓಡಿ ಬರುತ್ತೇನೆ. ಈಗೀಗ ಅದೇ ಮೊದಲು ನನ್ನ ದನಿಯಲ್ಲಿ "ಬ್ಯಾಡ ಚಿನ್ನು" ಅಂತ ಹೇಳಿ, ಆಮೇಲೆ ಒಂದು ಪುಕ್ಕ ಕೀಳುತ್ತದೆ. ಅದನ್ನು ಕೇಳಿ ಅತ್ತುಬಿಟ್ಟೆ. ಅಂಗಡಿಯವರು ನುಸಿ ಆಗಿದೆ ಅಂತ ಪುಡಿ ಕೊಟ್ಟರು. ಪಕ್ಕದ ಮನೆಯವರು ಬೇವಿನೆಣ್ಣೆಗೆ ಅರಿಸಿನ ಕಲಸಿ ಹಚ್ಚಿ ಅಂತಾರೆ. ಮಗ ಇನ್ನೊಂದು ಗಿಳಿ ತಂದರೆ ಸರಿಹೋಗುತ್ತೆ ಅಂತಾನೆ. ಊಟಕ್ಕೆ ಸೂರ್ಯಕಾಂತಿ ಬೀಜ, ಶೇಂಗಾ, ಕೆಲವು ಸಲ ಅನ್ನ, ಬಿಸ್ಕತ್ತು. ಪಂಜರ ಹಾಲ್‌ನಲ್ಲಿ ಟಿವಿ ಪಕ್ಕ ಇದೆ. ಮಗಳು ಬಿಟ್ಟು ಹೋದಳು ಅಂತ ಸಿಟ್ಟಿಗೆ ಹೀಗೆ ಮಾಡ್ತಿದೆಯಾ? ಮತ್ತೆ ಪುಕ್ಕ ಬರುತ್ತಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಚಿನ್ನುಗೆ ಯಾರ ಮೇಲೂ ಸಿಟ್ಟಿಲ್ಲ. ಯಾರಿಗೋ ಪಾಠ ಕಲಿಸಬೇಕು ಅಂತ ಯಾವ ಗಿಳಿಯೂ ತನ್ನ ಮೈ ಬೋಳು ಮಾಡಿಕೊಳ್ಳುವುದಿಲ್ಲ. ಆದರೆ ಮಗಳು ಹೋಗಿದ್ದಕ್ಕೂ ಇದಕ್ಕೂ ಸಂಬಂಧ ಇರಬಹುದು. ಆ ಹಕ್ಕಿಯ ದಿನ ಪೂರ್ತಿ ಅವಳ ಸುತ್ತಲೇ ಸುತ್ತುತ್ತಿತ್ತು. ಅವಳು ಏಳುವ ಹೊತ್ತು, ಅವಳ ಹೆಗಲು, ಅವಳ ಜೊತೆ ಮಾತು. ಜೂನ್‌ನಲ್ಲಿ ಒಂದು ಬೆಳಗ್ಗೆ ಅದೆಲ್ಲ ಒಟ್ಟಿಗೇ ನಿಂತುಹೋಯಿತು. ಯಾಕೆ ಅಂತ ಅದಕ್ಕೆ ಹೇಳುವವರು ಯಾರು?

ಹಾಗಂತ ಇದು ಬರೀ ಮನಸ್ಸಿನ ನೋವು ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ. ಪುಕ್ಕ ಕೀಳುವುದು ಒಂದು ರೋಗದ ಹೆಸರಲ್ಲ. ಜ್ವರ ಅಂದ ಹಾಗೆ ಅದು. ಹಿಂದೆ ಹತ್ತು ಕಾರಣ ಇರಬಹುದು, ಒಟ್ಟಿಗೆ ಮೂರು ನಾಲ್ಕೂ ಇರಬಹುದು. ಮಗಳು ಹೋದ ಸಮಯಕ್ಕೂ ಕಾಯಿಲೆ ಶುರುವಾದದ್ದಕ್ಕೂ ತಾಳೆ ಹಾಕಿ, ದೇಹದೊಳಗಿನ ತೊಂದರೆಯನ್ನು ನೋಡದೇ ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ. ಕಸುಬಿಗೆ ಬಂದ ಹೊಸತರಲ್ಲಿ ನಾನೂ ಹಾಗೆ ಒಂದು ಹಕ್ಕಿಯ ವಿಷಯದಲ್ಲಿ ತಪ್ಪು ಮಾಡಿದ್ದೆ. ಒಂಟಿತನ ಅಂದುಕೊಂಡಿದ್ದೆ, ಅದಕ್ಕೆ ಲಿವರ್ ಕೆಟ್ಟಿತ್ತು. ಆ ಹಕ್ಕಿ ಇನ್ನೂ ನೆನಪಿದೆ.

ನಿಮ್ಮ ಪತ್ರದಲ್ಲಿ ಒಂದು ಒಳ್ಳೆಯ ಸುಳಿವಿದೆ. ತಲೆ ಚೆನ್ನಾಗಿದೆ ಅಂದಿರಿ. ಗಿಳಿಯ ಕೊಕ್ಕು ತನ್ನ ತಲೆಗೆ ಎಟುಕುವುದಿಲ್ಲ. ಕೊಕ್ಕು ಎಟುಕುವ ಕಡೆ ಮಾತ್ರ ಬೋಳಾಗಿ, ತಲೆ ತುಂಬಿಕೊಂಡಿದ್ದರೆ ಅದು ತಾನೇ ಕಿತ್ತುಕೊಳ್ಳುತ್ತಿದೆ ಅಂತ ಅರ್ಥ. ತಲೆಯೂ ಬೋಳಾಗಿದ್ದರೆ ಜೊತೆಗಿರುವ ಇನ್ನೊಂದು ಹಕ್ಕಿ ಕೀಳುತ್ತಿರಬೇಕು, ಇಲ್ಲವೇ ಪುಕ್ಕದ ಬುಡಕ್ಕೇ ರೋಗ ಬಂದಿರಬೇಕು.

ಬೆಳಗ್ಗೆ ಒಂದು ಹಿಡಿ ಪುಕ್ಕ ಗುಡಿಸುತ್ತೀರಲ್ಲ, ನಾಳೆ ಅದನ್ನು ಬಿಸಾಡಬೇಡಿ. ಒಂದು ಬಿಳಿ ಹಾಳೆ ಮೇಲೆ ಹರಡಿ, ಕಿಟಕಿ ಬೆಳಕಿನಲ್ಲಿ ಒಂದೊಂದಾಗಿ ನೋಡಿ. ಬುಡ ಸಮೇತ ಪೂರ್ತಿ ಪುಕ್ಕ ಬಂದಿದೆಯಾ, ಅಥವಾ ಕತ್ತರಿಸಿದ ಹಾಗೆ ತುಂಡು ತುಂಡಾಗಿದೆಯಾ? ಅಂಚು ಜಗಿದು ಜಗಿದು ಬ್ರಷ್‌ನಂತೆ ಆಗಿದೆಯಾ? ಪುಕ್ಕದ ಅಡ್ಡಕ್ಕೆ ಸಣ್ಣ ಗೆರೆ ಎಳೆದ ಹಾಗೆ ಕಾಣುತ್ತಿದ್ದರೆ, ಆ ಪುಕ್ಕ ಬೆಳೆಯುವ ದಿನಗಳಲ್ಲಿ ಹಕ್ಕಿಗೆ ಪೌಷ್ಟಿಕ ಆಹಾರ ಸಿಕ್ಕಿಲ್ಲ, ಅಥವಾ ಹುಷಾರಿರಲಿಲ್ಲ, ಅಥವಾ ಭಯಪಟ್ಟಿತ್ತು ಅಂತ ಹೇಳಬಹುದು. ಬುಡದ ಕಡ್ಡಿ ದಾರ ಬಿಗಿದ ಹಾಗೆ ಸಪುರವಾಗಿದ್ದರೆ, ಪುಕ್ಕ ಸೊಟ್ಟಗೆ ಗಂಟುಗಂಟಾಗಿ ಮೂಡುತ್ತಿದ್ದರೆ ತಡ ಮಾಡಬೇಡಿ. ಪಿಬಿಎಫ್‌ಡಿ ಅನ್ನುವ ವೈರಸ್ ಕಾಯಿಲೆಯಲ್ಲಿ ಹೀಗಾಗುತ್ತದೆ, ಅದು ಒಂದು ಗಿಳಿಯಿಂದ ಇನ್ನೊಂದಕ್ಕೆ ಹರಡುತ್ತದೆ. ಆ ಪುಕ್ಕಗಳನ್ನು ಒಂದು ಕವರ್‌ಗೆ ಹಾಕಿ ಡಾಕ್ಟರ ಹತ್ತಿರ ಹೋಗುವಾಗ ತಗೊಂಡು ಹೋಗಿ.

ಹೌದು, ಹೋಗಲೇಬೇಕು. ನಮ್ಮ ಕಡೆ ಪಶುವೈದ್ಯರು ಬಹುತೇಕ ಹಸು, ಕುರಿ, ನಾಯಿ ನೋಡುವವರು. ಅವರನ್ನು ಕೇಳಿದರೆ ಹಕ್ಕಿ ನೋಡುವವರು ಯಾರು ಅಂತ ಹೇಳುತ್ತಾರೆ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ, ಬೆಂಗಳೂರಾದರೆ ಹೆಬ್ಬಾಳದ ಕಾಲೇಜು ಇದೆ. ರಕ್ತ ಪರೀಕ್ಷೆ, ಹಿಕ್ಕೆ ಪರೀಕ್ಷೆ, ಅಗತ್ಯ ಕಂಡರೆ ಎಕ್ಸ್‌ರೇ, ಆ ವೈರಸ್ ಪರೀಕ್ಷೆ, ಇಷ್ಟು ಮಾಡಿಸಿ. ಲಿವರ್ ತೊಂದರೆ, ಚರ್ಮದ ಸೋಂಕು, ಹೊಟ್ಟೆಯ ಪರಾವಲಂಬಿ ಜೀವಿಗಳು, ಕ್ಯಾಲ್ಸಿಯಂ ಕೊರತೆ, ಇವು ಹೊರಗೆ ಕಾಣುವುದಿಲ್ಲ. ಇನ್ನೊಂದು ಮಾತು, ಪಂಜರ ಯಾವುದರದ್ದು ಅಂತ ನೋಡಿ. ಜಿಐ ತಂತಿಯ ಬಲೆಗೆ ಸತುವಿನ ಲೇಪ ಇರುತ್ತದೆ. ಗಿಳಿ ಅದನ್ನು ಕೊಕ್ಕಿನಲ್ಲಿ ಕೆರೆದು ಕೆರೆದು ನುಂಗಿದರೆ ಸತು ಮೈಗೆ ವಿಷವಾಗಿ ಏರುತ್ತದೆ. ಸೀಸವೂ ಅಷ್ಟೇ. ಅಗ್ಗದ ಗೆಜ್ಜೆ, ಕೀ ಚೈನು, ಹಳೇ ಬಣ್ಣದ ಚಕ್ಕೆ, ಇವೆಲ್ಲ ಗ್ರೇ ಗಿಳಿಗೆ ಬಹಳ ಇಷ್ಟ. ಸ್ಟೇನ್‌ಲೆಸ್ ಸ್ಟೀಲ್ ಪಂಜರ ಒಳ್ಳೆಯದು.

ನುಸಿ ಪುಡಿ ಇವತ್ತೇ ನಿಲ್ಲಿಸಿ. ಮನೆಯೊಳಗೆ ಒಂಟಿಯಾಗಿ ಬೆಳೆದ ಗಿಳಿಗೆ ನುಸಿ ಆಗುವುದು ಅಪರೂಪ, ಆದರೂ ಅಂಗಡಿಗಳಲ್ಲಿ ಎಲ್ಲರಿಗೂ ಮೊದಲು ಕೊಡುವುದು ಅದನ್ನೇ. ಆ ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಬೇವಿನೆಣ್ಣೆ, ಕೊಬ್ಬರಿ ಎಣ್ಣೆ, ಅರಿಸಿನ ಯಾವುದೂ ಬೇಡ. ಎಣ್ಣೆ ತಾಗಿದ ಪುಕ್ಕ ಒಂದಕ್ಕೊಂದು ಅಂಟಿಕೊಂಡು ಮೈ ಬೆಚ್ಚಗಿಡುವ ಶಕ್ತಿ ಕಳೆದುಕೊಳ್ಳುತ್ತದೆ. ಅಂಟನ್ನು ತೆಗೆಯಲು ಹಕ್ಕಿ ಇನ್ನಷ್ಟು ಕೊಕ್ಕು ಹಾಕುತ್ತದೆ, ಹಚ್ಚಿದ್ದನ್ನೆಲ್ಲ ನುಂಗುತ್ತದೆ. ಕೀಳದೇ ಇರಲಿ ಅಂತ ಕಹಿ ಸ್ಪ್ರೇ ಹೊಡೆಯುವವರೂ ಇದ್ದಾರೆ. ಅದರಿಂದ ಹಕ್ಕಿ ಕಿರಿಕಿರಿಪಡುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ.

ಊಟದ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಸೂರ್ಯಕಾಂತಿ ಬೀಜ, ಶೇಂಗಾ ಅಂದರೆ ಮಕ್ಕಳಿಗೆ ದಿನಾ ಮೂರು ಹೊತ್ತು ಬೋಂಡಾ ಹಾಕಿದ ಹಾಗೆ. ಬರೀ ಕೊಬ್ಬು. ಅದರಲ್ಲಿ ವಿಟಮಿನ್ ಎ ಇಲ್ಲ, ಕ್ಯಾಲ್ಸಿಯಂ ತೀರ ಕಮ್ಮಿ. ವಿಟಮಿನ್ ಎ ಇಲ್ಲದಿದ್ದರೆ ಚರ್ಮ ಒಣಗಿ ಕೆರೆತ ಶುರುವಾಗುತ್ತದೆ. ಗ್ರೇ ಗಿಳಿಗಳಿಗಂತೂ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಫಿಟ್ಸ್ ಬರುವುದೂ ಉಂಟು. ಗಿಳಿಗಳಿಗೆಂದೇ ಮಾಡಿದ ಪೆಲೆಟ್ ಸಿಗುತ್ತದೆ, ಅದು ಊಟದ ಮುಖ್ಯ ಭಾಗ ಆಗಲಿ. ಜೊತೆಗೆ ನಮ್ಮ ಅಡುಗೆಮನೆಯಲ್ಲೇ ಬೇಕಾದಷ್ಟಿದೆ. ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಗುಂಬಳ, ಬೇಯಿಸಿದ ಗೆಣಸು, ಪಪ್ಪಾಯ, ಮೊಳಕೆ ಬಂದ ಹೆಸರುಕಾಳು, ಸಿಪ್ಪೆ ಸಮೇತ ಎಳೆ ಜೋಳದ ತೆನೆ. ಮೆಣಸಿನಕಾಯಿ ಕೊಡಿ, ಕೆಂಪು ಹಣ್ಣು ಮೆಣಸಿನಕಾಯಿ ಆದರೆ ಇನ್ನೂ ಒಳ್ಳೆಯದು. ಖಾರ ಅನ್ನುವುದು ನಮ್ಮ ನಾಲಿಗೆಗೆ, ಹಕ್ಕಿಗೆ ಆ ಉರಿ ಗೊತ್ತೇ ಆಗುವುದಿಲ್ಲ. ಬೆಣ್ಣೆಹಣ್ಣು, ಚಾಕೊಲೇಟು, ಕಾಫಿ, ಈರುಳ್ಳಿ ಬೇಡವೇ ಬೇಡ. ಉಪ್ಪು ಹಾಕಿದ್ದೂ ಬೇಡ, ಬಿಸ್ಕತ್ತೂ ಬೇಡ.

ಆದರೆ ಇವತ್ತು ಸಂಜೆಯೇ ಬೀಜದ ಬಟ್ಟಲು ಎತ್ತಿಬಿಡಬೇಡಿ. ಆರು ವರ್ಷ ಬೀಜ ತಿಂದ ಗಿಳಿಗೆ ಕ್ಯಾರೆಟ್ ಅಂದರೆ ಊಟ ಅಂತಲೇ ತಿಳಿಯುವುದಿಲ್ಲ, ಹಸಿದುಕೊಂಡು ಕೂತುಬಿಡುತ್ತದೆ. ನೀವು ಅದರ ಎದುರು ಕೂತು ಒಂದು ತುಂಡು ತಿನ್ನಿ, ಇನ್ನೊಂದು ಅದಕ್ಕೆ ಕೊಡಿ. ವಾರ ವಾರ ಬೀಜ ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತಾ ಹೋಗಿ. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ದಿನಾ ಬೆಳಗ್ಗೆ ಊಟಕ್ಕೆ ಮೊದಲು ತೂಕ ನೋಡಿ ಬರೆದಿಡಿ. ಗ್ರೇ ಗಿಳಿ ಸಾಮಾನ್ಯವಾಗಿ 400ರಿಂದ 500 ಗ್ರಾಂ ತೂಗುತ್ತದೆ. ಹತ್ತನೇ ಒಂದು ಪಾಲು ಇಳಿಯಿತು ಅಂದರೆ ಡಾಕ್ಟರಿಗೆ ಫೋನ್ ಮಾಡಿ.

ಪಂಜರ ಟಿವಿ ಪಕ್ಕದಿಂದ ತೆಗೆಯಿರಿ. ಗಿಳಿಗೆ ರಾತ್ರಿ 10ರಿಂದ 12 ಗಂಟೆ ಕತ್ತಲೆ, ನಿದ್ದೆ ಬೇಕು. ನಮ್ಮ ಮನೆಗಳಲ್ಲಿ ಹಾಲ್ ಮಲಗುವುದೇ ಹನ್ನೊಂದಕ್ಕೆ, ಮತ್ತೆ ಐದೂವರೆಗೆ ಕುಕ್ಕರ್ ಕೂಗುತ್ತದೆ. ಆರು ಗಂಟೆ ನಿದ್ದೆಯಲ್ಲಿ ನಮಗೇ ತಲೆ ಕೆಡುತ್ತೆ ಅಲ್ವಾ. ಮಗಳ ಕೋಣೆ ಖಾಲಿ ಇರಬೇಕಲ್ಲ, ರಾತ್ರಿ ಏಳೂವರೆ ಎಂಟಕ್ಕೆ ಅಲ್ಲಿ ಮಲಗಿಸಿ, ಬೆಳಗ್ಗೆ ಎಲ್ಲರ ಜೊತೆ ಹಾಲ್‌ಗೆ ತನ್ನಿ. ಹಾಲ್‌ನಲ್ಲೂ ಪಂಜರದ ಒಂದು ಬದಿ ಗೋಡೆಗೆ ಆನಿಕೊಂಡಿರಲಿ. ನಾಲ್ಕೂ ಕಡೆಯಿಂದ ಜನ ಓಡಾಡಿದರೆ ಹಕ್ಕಿಗೆ ಬೆನ್ನು ಕಾಯುವವರಿಲ್ಲ ಅನ್ನುವ ಭಯ. ಊದುಬತ್ತಿ, ಸಾಂಬ್ರಾಣಿ ಹೊಗೆ, ಸೊಳ್ಳೆಬತ್ತಿ, ಒಗ್ಗರಣೆ ಘಾಟು ಯಾವುದೂ ಅದರ ಹತ್ತಿರ ಸುಳಿಯದಿರಲಿ. ದೇವರ ಮನೆ ಪಕ್ಕ ಪಂಜರ ಇಟ್ಟವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ನಾನ್‌ಸ್ಟಿಕ್ ಬಾಣಲೆ ಖಾಲಿ ಕಾದು ಸೀದರೆ ಬರುವ ಹೊಗೆ ನಿಮಿಷಗಳಲ್ಲಿ ಹಕ್ಕಿಯ ಜೀವ ತೆಗೆಯಬಲ್ಲದು.

ಸ್ನಾನ ಮಾಡಿಸುತ್ತೀರೋ ಇಲ್ಲವೋ ನೀವು ಬರೆದಿಲ್ಲ. ಗ್ರೇ ಗಿಳಿಯ ಮೈಯಿಂದ ಬಿಳಿ ಪುಡಿ ಉದುರುತ್ತದೆ, ಅದು ಅದರ ಸಹಜ ಗುಣ. ನೀರು ಕಾಣದಿದ್ದರೆ ಆ ಪುಡಿ ಪುಕ್ಕದ ಸಂದಿಯಲ್ಲಿ ಕೂತು ತುರಿಸುತ್ತದೆ. ವಾರಕ್ಕೆ ಮೂರು ನಾಲ್ಕು ಸಲ, ಬೆಳಗ್ಗೆ ಹೊತ್ತು, ಉಗುರು ಬೆಚ್ಚಗಿನ ಬರೀ ನೀರನ್ನು ಸ್ಪ್ರೇ ಬಾಟಲಿಯಲ್ಲಿ ಮಳೆ ಹನಿಯ ಹಾಗೆ ಮೇಲಿನಿಂದ ಬೀಳುವಂತೆ ಹಾಕಿ. ಮುಖಕ್ಕೆ ಗುರಿಯಿಟ್ಟು ಹೊಡೆಯಬೇಡಿ. ಆಮೇಲೆ ಬಾಲ್ಕನಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಎಳೆ ಬಿಸಿಲು, ಪಂಜರದ ಅರ್ಧಕ್ಕೆ ನೆರಳು. ಗಾಜಿನ ಕಿಟಕಿಯೊಳಗಿನ ಬಿಸಿಲು ಲೆಕ್ಕಕ್ಕಿಲ್ಲ. ಮೈಯಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣ ಗಾಜಿನಲ್ಲೇ ನಿಂತುಹೋಗುತ್ತದೆ. ಬೆಕ್ಕು, ಕಾಗೆ, ಹದ್ದು ಇರುತ್ತವೆ, ಪಕ್ಕದಲ್ಲೇ ಕೂತಿರಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಚಿನ್ನುಗೆ ಕೆಲಸ ಇಲ್ಲ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಕಾಡಲ್ಲಿ ಈ ಗಿಳಿಗಳು ದಿನದ ಎಷ್ಟೋ ಗಂಟೆ ಹಣ್ಣು, ಬೀಜ ಹುಡುಕಿಕೊಂಡು ಹಾರುತ್ತವೆ, ಸಿಪ್ಪೆ ಬಿಡಿಸುತ್ತವೆ, ಸಂಜೆ ದೊಡ್ಡ ಗುಂಪಿನಲ್ಲಿ ಒಂದೇ ಕಡೆ ಬಂದು ಕೂರುತ್ತವೆ. ಬುದ್ಧಿಯೂ ಸಾಮಾನ್ಯದ್ದಲ್ಲ. ಅಮೆರಿಕದಲ್ಲಿ ಐರೀನ್ ಪೆಪ್ಪರ್‌ಬರ್ಗ್ ಅನ್ನುವ ವಿಜ್ಞಾನಿ ಅಲೆಕ್ಸ್ ಹೆಸರಿನ ಗ್ರೇ ಗಿಳಿಯ ಜೊತೆ 30 ವರ್ಷ ಕೆಲಸ ಮಾಡಿದರು. 2007ರಲ್ಲಿ ಅದು ಸಾಯುವ ಹೊತ್ತಿಗೆ ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು, ಎರಡು ವಸ್ತುಗಳಲ್ಲಿ ಯಾವುದು ಒಂದೇ ಥರ, ಯಾವುದು ಬೇರೆ ಅಂತಲೂ ಹೇಳುತ್ತಿತ್ತು. ಅಂಥ ತಲೆಯ ಮುಂದೆ ಒಂದು ಬಟ್ಟಲು ತುಂಬ ಬೀಜ ಇಟ್ಟರೆ ಹತ್ತು ನಿಮಿಷಕ್ಕೆ ಊಟ ಮುಗಿಯಿತು. ಉಳಿದ ಹೊತ್ತು? ಕೈಗೆ ಸಿಗುವುದು ತನ್ನ ಮೈ ಒಂದೇ. ಪುಕ್ಕ ತೀಡಿಕೊಳ್ಳುವುದು ಎಲ್ಲ ಹಕ್ಕಿಗೂ ಸಹಜ. ಬೇರೆ ಏನೂ ಇಲ್ಲದಾಗ ಅದೇ ಕೆಲಸ ಮಿತಿಮೀರುತ್ತದೆ. ಕೆಲವರು ಚಿಂತೆಯಲ್ಲಿ ಉಗುರು ಕಚ್ಚುವ, ಕೂದಲು ಕೀಳುವ ಹಾಗೆ.

ಇದು ನನ್ನ ಊಹೆ ಏನಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಎಳೆಯ ಅಮೆಜಾನ್ ಗಿಳಿಗಳ ಮೇಲೆ ನಡೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಊಟ ಹುಡುಕಿ ತೆಗೆಯಬೇಕಾದ ವ್ಯವಸ್ಥೆ, ಹತ್ತಿ ಇಳಿದು ಆಡಲು ತರತರದ ವಸ್ತು, ಇವೆರಡೂ ಸಿಕ್ಕ ಗಿಳಿಗಳಲ್ಲಿ ಪುಕ್ಕ ಕೀಳುವುದು ತಡೆಯಿತು. ಆಗಲೇ ಕೀಳುತ್ತಿದ್ದವಕ್ಕೂ ಅದೇ ವ್ಯವಸ್ಥೆ ಕೊಟ್ಟಾಗ ಕಮ್ಮಿಯಾಯಿತು.

ನೀವು ದುಡ್ಡು ಕೊಟ್ಟು ಆಟಿಕೆ ತರಬೇಕಾಗಿಲ್ಲ. ಹಳೇ ಅಡಿಕೆ ಹಾಳೆ ತಟ್ಟೆ ಇದ್ದರೆ ತೂತು ಮಾಡಿ ನೇತುಹಾಕಿ. ನನ್ನ ಹತ್ತಿರ ಬರುವ ಒಂದು ಗ್ರೇ ಗಿಳಿ ಇದೆ, ಹಾಳೆ ಕಂಡರೆ ಒಂದು ಕಾಲಲ್ಲಿ ಅಂಚು ಹಿಡಿದು, ಕೊಕ್ಕಿನ ತುದಿಯಿಂದ ಒಂದೊಂದೇ ನಾರು ಎಳೆದು, ನಾಲಿಗೆ ಮೇಲೆ ಉರುಳಿಸಿ ನೋಡಿ ಕೆಳಗೆ ಬಿಡುತ್ತದೆ. ಮುಕ್ಕಾಲು ಗಂಟೆ ತಲೆ ಎತ್ತುವುದಿಲ್ಲ. ಹಾಳೆ ಮುಗಿದ ಮೇಲೆ ಕೆಳಗೆ ಬಿದ್ದ ರಾಶಿ ನೋಡಿದರೆ ಪುಕ್ಕದ ರಾಶಿಯ ಹಾಗೇ ಕಾಣುತ್ತದೆ, ಆದರೆ ಅದು ಹಾಳೆ! ಅದನ್ನು ಮೊದಲ ಸಲ ನೋಡಿದ ದಿನ ನನಗೆ ಆದ ಸಂತೋಷ ಹೇಳತೀರದು. ತೆಂಗಿನ ಚಿಪ್ಪು, ಎಳೆ ತೆಂಗಿನ ಗರಿ, ಔಷಧಿ ಹೊಡೆಯದ ಸೀಬೆ ಕೊಂಬೆ ಎಲೆ ಸಮೇತ, ಒಂದು ಬಾದಾಮಿಯನ್ನು ಬಿಳಿ ಕಾಗದದಲ್ಲಿ ಸುತ್ತಿ ಅದನ್ನು ಇನ್ನೊಂದು ಪೊಟ್ಟಣದಲ್ಲಿ ಸುತ್ತಿ ಇಡುವುದು, ಹೀಗೆ ದಿನಕ್ಕೊಂದು. ಮೊದಲ ದಿನ ಹೊಸ ವಸ್ತು ಪಂಜರದೊಳಗೆ ತೂರಬೇಡಿ, ಗ್ರೇ ಗಿಳಿಗಳು ಬೆದರುತ್ತವೆ. ದೂರದಲ್ಲಿಟ್ಟು, ನೀವೇ ಅದರ ಜೊತೆ ಆಡಿ ತೋರಿಸಿ, ನಾಲ್ಕು ದಿನದಲ್ಲಿ ಹತ್ತಿರ ತನ್ನಿ.

ಇನ್ನು "ಬ್ಯಾಡ ಚಿನ್ನು". ಅಮ್ಮಾ, ಅದು ನಿಮ್ಮನ್ನು ಅಣಕಿಸುತ್ತಿಲ್ಲ. ಅದರ ಲೆಕ್ಕ ಸರಳ. ಸುಮ್ನೆ ಕೂತರೆ ಯಾರೂ ಬರುವುದಿಲ್ಲ, ಪುಕ್ಕ ಕಿತ್ತರೆ ಅಮ್ಮ ಎಲ್ಲ ಕೆಲಸ ಬಿಟ್ಟು ಓಡಿ ಬರುತ್ತಾಳೆ. ಆ ಎರಡು ಶಬ್ದ ಅದಕ್ಕೆ ನಿಮ್ಮನ್ನು ಕರೆಯುವ ಕರೆಗಂಟೆ ಆಗಿದೆ. ಇನ್ನು ಮೇಲೆ ಕೀಳುವಾಗ ಕೂಗಬೇಡಿ, ಓಡಬೇಡಿ, ಮುಖವನ್ನೂ ನೋಡಬೇಡಿ. ಕಷ್ಟ, ಗೊತ್ತು. ಬದಲಿಗೆ ಅದು ಆಡುತ್ತಿದ್ದಾಗ, ತಿನ್ನುತ್ತಿದ್ದಾಗ, ಸುಮ್ನೆ ಶಾಂತವಾಗಿ ಕೂತಿದ್ದಾಗ ಹತ್ತಿರ ಹೋಗಿ ಮಾತಾಡಿಸಿ, ಒಂದು ಚೂರು ಶೇಂಗಾ ಕೊಡಿ. ಶೇಂಗಾವನ್ನು ಅದಕ್ಕಾಗಿಯೇ ಉಳಿಸಿಕೊಳ್ಳಿ. ಒಂದು ನೋಟ್‌ಬುಕ್‌ನಲ್ಲಿ ಎರಡು ವಾರ ಬರೆದಿಡಿ, ಯಾವ ಹೊತ್ತಿಗೆ ಕೀಳುತ್ತದೆ, ಆಗ ಮನೆಯಲ್ಲಿ ಯಾರಿದ್ದರು, ಏನು ಸದ್ದಾಗುತ್ತಿತ್ತು. ಮಗಳು ಕಾಲೇಜಿಂದ ಬರುತ್ತಿದ್ದ ನಾಲ್ಕೂವರೆ ಗಂಟೆಗೇ ಜಾಸ್ತಿ ಕೀಳುತ್ತದೆ ಅಂತ ಗೊತ್ತಾದರೆ, ನಾಲ್ಕು ಗಂಟೆಗೇ ಅದಕ್ಕೊಂದು ಹಾಳೆ ಕೊಟ್ಟು ನೀವು ಜೊತೆಗೆ ಕೂರಬಹುದಲ್ಲ.

ಇನ್ನೊಂದು ಗಿಳಿ ತರುವ ವಿಚಾರಕ್ಕೆ ನಾನು ಒಪ್ಪುವುದಿಲ್ಲ. ಹೊಸ ಹಕ್ಕಿ ರೋಗ ತರಬಹುದು, ಇವೆರಡೂ ಹೊಂದಿಕೊಳ್ಳದೇ ಹೋಗಬಹುದು. ಎರಡೂ ಕೀಳಲು ಶುರುಮಾಡಿದ ಮನೆಗಳನ್ನು ನೋಡಿದ್ದೇನೆ. ಮಗನಿಗೆ ಹೇಳಿ, ಆ ದುಡ್ಡಿನಲ್ಲಿ ದೊಡ್ಡ ಪಂಜರ ತರಲಿ, ದಿನಾ ಒಂದು ಗಂಟೆ ಅವನೂ ಚಿನ್ನು ಜೊತೆ ಕೂರಲಿ. ಮುದ್ದು ಮಾಡುವಾಗ ತಲೆ, ಕುತ್ತಿಗೆ ಮಾತ್ರ ಸವರಿ. ಬೆನ್ನು, ರೆಕ್ಕೆ ಕೆಳಗೆ ಸವರಿದರೆ ಪ್ರಾಯಕ್ಕೆ ಬಂದ ಗಿಳಿ ಅದನ್ನು ಜೋಡಿಯ ಸ್ಪರ್ಶ ಅಂದುಕೊಳ್ಳುತ್ತದೆ, ಆ ಚಡಪಡಿಕೆಯೂ ಪುಕ್ಕದ ಮೇಲೇ ತೀರುತ್ತದೆ.

ಪುಕ್ಕ ಮತ್ತೆ ಬರುತ್ತಾ ಅಂತ ಕೇಳಿದ್ದೀರಿ. ಬುಡ ಸಮೇತ ಕಿತ್ತ ಕಡೆ ಕೆಲವು ವಾರಗಳಲ್ಲಿ ಹೊಸದು ಮೂಡಲು ಶುರುವಾಗುತ್ತದೆ. ಜಗಿದು ತುಂಡಾದದ್ದು ಹಾಗೇ ಉಳಿದು, ಮುಂದಿನ ಸಲ ಗರಿ ಉದುರುವ ಕಾಲದಲ್ಲಿ ಬದಲಾಗುತ್ತದೆ. ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕಿತ್ತರೆ ಬುಡವೇ ಸತ್ತು ಹೋಗುತ್ತದೆ, ಅಲ್ಲಿ ಮತ್ತೆ ಬರುವುದಿಲ್ಲ. ನಿಮ್ಮದು ಇನ್ನೂ ಕೆಲವೇ ತಿಂಗಳು, ಹಾಗಾಗಿ ಆಸೆ ಇಟ್ಟುಕೊಳ್ಳಿ. ಆದರೆ ತಿಂಗಳಲ್ಲಿ ಗುಣ ಆಗುವುದಿಲ್ಲ. ಹೊಸ ಪುಕ್ಕ ಮುಳ್ಳಿನ ಹಾಗೆ ಮೂಡುವಾಗ ತುರಿಕೆ ಆಗಿ ಮತ್ತೆ ಕೀಳಬಹುದು. ಆಗ ಧೈರ್ಯಗೆಡಬೇಡಿ, ಆ ವಾರ ಸ್ನಾನ ಇನ್ನೊಂದೆರಡು ಸಲ ಜಾಸ್ತಿ ಮಾಡಿಸಿ. ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ಮನಸ್ಸು ಶಾಂತಗೊಳಿಸುವ ಔಷಧಿಗಳಿವೆ, ಅಳತೆ ನೋಡಿ ಡಾಕ್ಟರೇ ಕೊಡಬೇಕು.

ಮಗಳು ದಸರಾ ರಜೆಗೆ ಬಂದಾಗ ಹಗಲಿಡೀ ಹೆಗಲ ಮೇಲೆ ಹೊತ್ತುಕೊಂಡು ತಿರುಗದಿರಲಿ ಅಂತ ಹೇಳಿ. ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಸಾಕು. ಇಲ್ಲದಿದ್ದರೆ ಅವಳು ವಾಪಸ್ ಹೋದ ದಿನ ಮತ್ತೆ ಜೂನ್ ತಿಂಗಳೇ. ಫೋನಿನಲ್ಲಿ ಅವಳ ದನಿ ಕೇಳಿಸಬಹುದು. ಕೇಳಿ ಖುಷಿಯಿಂದ ಮಾತಾಡಿದರೆ ಸರಿ, ಹುಡುಕಾಡಿ ಚಡಪಡಿಸಿದರೆ ಕೆಲವು ದಿನ ಬಿಡಿ.

ಒಂದು ಕಾನೂನಿನ ಮಾತು. ಆಫ್ರಿಕನ್ ಗ್ರೇ 2017ರಿಂದ, ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ನಮ್ಮಲ್ಲೂ 2024ರ ನಿಯಮದಂತೆ ಇಂಥ ಹಕ್ಕಿ ಸಾಕಿದವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾಡಿಸಿಲ್ಲದಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಪ್ರಶ್ನೆ: ಎರಡು ವರ್ಷದ ಹಿಂದೆ ನಮ್ಮ ತೋಟದಲ್ಲಿ ಗಾಳಿಗೆ ತೆಂಗಿನ ಮರ ಬಿತ್ತು, ಪೊಟರೆಯಲ್ಲಿ ಹಸಿರು ಗಿಳಿ ಮರಿ ಸಿಕ್ಕಿತು. ಅನ್ನ ಹಾಲು ಹಾಕಿ ಸಾಕಿದೆವು. ಈಗ ರೆಕ್ಕೆ ಪುಕ್ಕ ಕಚ್ಚಿ ತುಂಡು ಮಾಡಿಕೊಂಡಿದೆ. ಹಾರಿಸಿ ಬಿಡೋಣವಾ?
– ಒಬ್ಬ ರೈತರು, ಮಂಡ್ಯ ಜಿಲ್ಲೆ

ಉತ್ತರ: ಬಿಡಬೇಡಿ. ಮುರಿದ ರೆಕ್ಕೆಪುಕ್ಕದಲ್ಲಿ ಅದು ಹಾರಲಾರದು, ಮೊದಲ ಸಂಜೆಯೇ ಬೆಕ್ಕಿನ ಬಾಯಿಗೆ ಹೋಗುತ್ತದೆ. ನೀವು ಕರುಣೆಯಿಂದಲೇ ಸಾಕಿದ್ದೀರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ನೀವೇ ಹೋಗಿ ನಡೆದದ್ದು ಹೇಳಿ, ಹಕ್ಕಿಯನ್ನು ಪುನರ್ವಸತಿ ಕೇಂದ್ರಕ್ಕೆ ಕಳಿಸಲು ಕೇಳಿ. ಬೆಂಗಳೂರಿನ ಕೆಂಗೇರಿ ಹತ್ತಿರ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಇದೆ. ಹೊಸ ಪುಕ್ಕ ಬಂದು, ಹಾರಲು ಕಲಿತು, ಬೇರೆ ಗಿಳಿಗಳ ಜೊತೆ ಸೇರಿದ ಮೇಲೆ ಬಿಡುವುದು ಅವರ ಕೆಲಸ. ಅಲ್ಲಿಯವರೆಗೆ ಹಾಲು ನಿಲ್ಲಿಸಿ, ಹಕ್ಕಿಗೆ ಹಾಲು ಜೀರ್ಣ ಆಗುವುದಿಲ್ಲ. ಹಸಿ ಅವರೆಕಾಯಿ ಬೇಡ. ಸೀಬೆಹಣ್ಣು, ಮೊಳಕೆ ಹೆಸರುಕಾಳು, ನುಗ್ಗೆಸೊಪ್ಪು, ಜೋಳದ ತೆನೆ ಕೊಡಿ. ಮುಂದೆ ಎಂದಾದರೂ ಮರಿ ಸಿಕ್ಕರೆ ಅದೇ ದಿನ ಇಲಾಖೆಗೆ ತಿಳಿಸಿ.

ಪ್ರಶ್ನೆ: ನಾವು ಷಿಕಾಗೋದಲ್ಲಿದ್ದೇವೆ. ನಮ್ಮ ಪುಟ್ಟ ಕೊನ್ಯೂರ್ ಗಿಳಿ ಪ್ರತಿ ಡಿಸೆಂಬರ್‌ನಲ್ಲಿ ಪುಕ್ಕ ಕೀಳಲು ಶುರುಮಾಡಿ ಏಪ್ರಿಲ್‌ಗೆ ನಿಲ್ಲಿಸುತ್ತದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು.

ಉತ್ತರ: ನಿಮ್ಮ ಹೀಟರ್ ಆರಿಸುವ ತಿಂಗಳು ಯಾವುದು ನೋಡಿ. ಹೀಟರ್ ಗಾಳಿಯಲ್ಲಿ ಮನೆ ಒಣಗಿಹೋಗುತ್ತದೆ, ನಿಮ್ಮ ತುಟಿ ಒಡೆಯುವ ಹಾಗೆಯೇ ಅದರ ಚರ್ಮವೂ ಒಡೆಯುತ್ತದೆ. ತೇವಾಂಶ ಅಳೆಯುವ ಚಿಕ್ಕ ಮೀಟರ್ ತಂದು ಪಂಜರದ ಹತ್ತಿರ ಇಡಿ, 40ರಿಂದ 50 ಪ್ರತಿಶತ ಇರುವಂತೆ ಹ್ಯುಮಿಡಿಫೈಯರ್ ಹಾಕಿ, ಅದನ್ನು ದಿನಾ ತೊಳೆಯಿರಿ. ಹೀಟರ್ ಗಾಳಿ ನೇರ ಪಂಜರಕ್ಕೆ ಬಡಿಯದಿರಲಿ. ಚಳಿಗಾಲದಲ್ಲೂ ಸ್ನಾನ ನಿಲ್ಲಿಸಬೇಡಿ, ಬೆಳಗ್ಗೆ ಬೆಚ್ಚಗಿನ ಕೋಣೆಯಲ್ಲಿ ಮಾಡಿಸಿ. ಬಿಸಿಲು ಕಮ್ಮಿ ಇರುವ ಊರು, ಹಕ್ಕಿಗಳಿಗೆಂದೇ ಬರುವ ಯುವಿ ದೀಪದ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.

ಪ್ರಶ್ನೆ: ಪುಕ್ಕ ಕಿತ್ತಾಗ ರಕ್ತ ಬಂದರೆ ಏನು ಮಾಡಬೇಕು? ಕುತ್ತಿಗೆಗೆ ಕಾಲರ್ ಹಾಕಬಹುದಾ?
– ಮೈಸೂರು

ಉತ್ತರ: ಹೊಸದಾಗಿ ಬೆಳೆಯುವ ಪುಕ್ಕದೊಳಗೆ ರಕ್ತ ಹರಿಯುತ್ತಿರುತ್ತದೆ, ಅದು ಮುರಿದರೆ ಸುರಿಯುತ್ತದೆ. ಹಕ್ಕಿಯನ್ನು ಟವೆಲ್‌ನಲ್ಲಿ ಸಡಿಲವಾಗಿ ಹಿಡಿದು, ಎದೆ ಒತ್ತದೆ, ಗಾಯದ ಜಾಗಕ್ಕೆ ಕಾರ್ನ್‌ಫ್ಲೋರ್ ಒತ್ತಿ ಕೆಲವು ನಿಮಿಷ ಬೆರಳಿಟ್ಟುಕೊಳ್ಳಿ. ನಿಲ್ಲದಿದ್ದರೆ ಕೂಡಲೇ ಡಾಕ್ಟರ ಹತ್ತಿರ ಓಡಿ, ಅಷ್ಟು ಚಿಕ್ಕ ಮೈಯಲ್ಲಿ ರಕ್ತ ಎಷ್ಟಿರುತ್ತದೆ ಹೇಳಿ. ಪುಕ್ಕ ಮಾತ್ರ ಕೀಳುವ ಹಕ್ಕಿಗೆ ಕಾಲರ್ ಬೇಡ. ಚರ್ಮ, ಮಾಂಸವನ್ನೇ ಕಚ್ಚಿಕೊಳ್ಳುತ್ತಿದ್ದರೆ ಡಾಕ್ಟರೇ ಹಾಕುತ್ತಾರೆ, ಗಾಯ ಮಾಯುವವರೆಗೆ ಮಾತ್ರ.

ಪ್ರಶ್ನೆ: ನಮ್ಮ ಬಿಳಿ-ಹಳದಿ ಕಾಕಟೀಲ್ ಗಿಳಿಗೆ ಜುಟ್ಟಿನ ಹಿಂದೆ ಬೋಳು ಇದೆ. ತಂದಾಗಿನಿಂದಲೂ ಹಾಗೇ ಇದೆ. ಮುಲಾಮು ಹಚ್ಚುತ್ತಿದ್ದೇವೆ, ಗುಣ ಇಲ್ಲ.
– ಹುಬ್ಬಳ್ಳಿ

ಉತ್ತರ: ಲುಟಿನೋ ಅನ್ನುವ ಆ ಬಣ್ಣದ ಕಾಕಟೀಲ್‌ಗಳಲ್ಲಿ ಜುಟ್ಟಿನ ಹಿಂದೆ ಬೋಳು ಹುಟ್ಟಿನಿಂದಲೇ ಬರುತ್ತದೆ, ವಂಶದ ಗುಣ. ಚರ್ಮ ಕೆಂಪಾಗದೆ, ಬೋಳು ದೊಡ್ಡದಾಗುತ್ತಾ ಹೋಗದೆ ಇದ್ದರೆ ಅದು ಕಾಯಿಲೆ ಅಲ್ಲವೇ ಅಲ್ಲ. ಮುಲಾಮು ಎಣ್ಣೆಯಂತೆಯೇ ಪುಕ್ಕಕ್ಕೆ ಅಂಟುತ್ತದೆ, ಇವತ್ತೇ ನಿಲ್ಲಿಸಿ, ತಲೆ ಮೇಲೆ ಉಳಿದದ್ದನ್ನು ಬೆಚ್ಚಗಿನ ನೀರಿನ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ.